ಗ್ರಾಂನಿಂದ ಮೋಲ್‌ಗೆ, ಮೋಲ್‌ನಿಂದ ಗ್ರಾಂಗೆ: ಲೆಕ್ಕ ಮಾಡುವ ಬಗೆ ಹಂತ ಹಂತವಾಗಿ

ಒಂಬತ್ತನೆಯ ತರಗತಿಯಿಂದ ಪಿಯುಸಿವರೆಗಿನ ವಿದ್ಯಾರ್ಥಿಗಳು, ಅವರನ್ನು ಮನೆಯಲ್ಲಿ ಓದಿಸುವ ತಂದೆತಾಯಿಯರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದಿದೆ: ಮೋಲ್ ಲೆಕ್ಕದಲ್ಲಿ ಯಾವಾಗ ಗುಣಿಸಬೇಕು, ಯಾವಾಗ ಭಾಗಿಸಬೇಕು? ಸೂತ್ರಗಳನ್ನು ಬಾಯಿಪಾಠ ಮಾಡಿಕೊಂಡವರೂ ಪರೀಕ್ಷೆಯಲ್ಲಿ ತಡವರಿಸುವುದು ಇಲ್ಲಿಯೇ. ಇದಕ್ಕೆ ಬೇಕಾದ ಗಣಿತ ಗುಣಾಕಾರ, ಭಾಗಾಕಾರಗಳನ್ನು ಮೀರುವುದಿಲ್ಲ. ಕೈಯಲ್ಲಿರುವ ಸಂಖ್ಯೆ ಯಾವುದರ ಅಳತೆ ಎಂದು ಕೇಳಿಕೊಳ್ಳದೆ ಲೆಕ್ಕಕ್ಕೆ ಇಳಿಯುವುದರಿಂದಲೇ ತೊಡಕು ಹುಟ್ಟುತ್ತದೆ.

ಎಲ್ಲಕ್ಕಿಂತ ಮೊದಲು ತಿಳಿಯಬೇಕಾದದ್ದು ಇಷ್ಟು. ರಾಸಾಯನಿಕ ಕ್ರಿಯೆ ನಡೆಯುವುದು ಕಣಗಳ ಎಣಿಕೆಯಂತೆ. ನಮ್ಮ ತಕ್ಕಡಿ ತೋರಿಸುವುದು ಗ್ರಾಂಗಳನ್ನು. ಹಾಗಾಗಿ ಒಂದು ವಸ್ತುವಿನ ಗ್ರಾಂನಿಂದ ಇನ್ನೊಂದು ವಸ್ತುವಿನ ಗ್ರಾಂಗೆ ನೇರ ದಾರಿಯಿಲ್ಲ. ಮೋಲ್ ಎಂಬ ನಿಲ್ದಾಣದಲ್ಲಿ ಇಳಿದೇ ಹೋಗಬೇಕು. ಕೆಳಗಿನ ಎಲ್ಲ ಹಂತಗಳೂ ಈ ಒಂದು ಮಾತಿನ ವಿಸ್ತರಣೆ.

ಪರಮಾಣು ರಾಶಿಗಳನ್ನು ನಮೂದಿಸಿರುವ ಆವರ್ತಕ ಕೋಷ್ಟಕ, ಸಾಮಾನ್ಯ ಕ್ಯಾಲ್ಕುಲೇಟರ್, ಕಾಗದ, ಪೆನ್ಸಿಲ್ ಜೊತೆಗಿರಲಿ. ಪ್ರತಿ ಸಂಖ್ಯೆಯ ಪಕ್ಕದಲ್ಲೂ ಅದರ ಏಕಮಾನವನ್ನು ಬರೆಯುವ ಅಭ್ಯಾಸವನ್ನು ಇವತ್ತಿನಿಂದಲೇ ಮಾಡಿಕೊಳ್ಳಿ. ಬರಿಯ «5» ಎಂದು ಬರೆದರೆ ಅದು ಗ್ರಾಂ ಹೌದೋ ಮೋಲ್ ಹೌದೋ ಎಂಬುದು ಎರಡು ಸಾಲು ಕಳೆಯುವಷ್ಟರಲ್ಲಿ ಮರೆತುಹೋಗುತ್ತದೆ.

ಹಂತ 1: ಮೋಲ್ ಎಂದರೇನು ಎಂಬುದನ್ನು ಖಚಿತಪಡಿಸಿಕೊಳ್ಳಿ

ಮೋಲ್ ಎಂಬುದು ಎಣಿಕೆಯ ಹೆಸರು. ಕಾಗದದ ಅಂಗಡಿಯಲ್ಲಿ ಒಂದು ರೀಮ್ ಎಂದರೆ 500 ಹಾಳೆ. ತೆಳು ಕಾಗದದ ರೀಮ್ ಹಗುರ, ದಪ್ಪ ಕಾಗದದ ರೀಮ್ ಭಾರ, ಹಾಳೆಗಳ ಸಂಖ್ಯೆ ಮಾತ್ರ ಎರಡರಲ್ಲೂ ಒಂದೇ. ಹಾಗೆಯೇ ಒಂದು ಮೋಲ್ ಎಂದರೆ 6.02214076 × 10²³ ಕಣಗಳು. ಕಣ ಯಾವುದಾದರೂ ಆಗಬಹುದು: ಪರಮಾಣು, ಅಣು (ಪರಮಾಣುಗಳು ಕೂಡಿ ಆದ ಗುಂಪು), ಅಯಾನು (ವಿದ್ಯುದಾವೇಶ ಹೊತ್ತ ಪರಮಾಣು ಅಥವಾ ಗುಂಪು). ಶಾಲೆಯ ಲೆಕ್ಕಗಳಿಗೆ 6.022 × 10²³ ಸಾಕು.

ಈ ಸಂಖ್ಯೆಗೆ ಅವೊಗಾಡ್ರೊ ಸಂಖ್ಯೆ ಎಂದು ಹೆಸರು. ಇಟಲಿಯ ಅಮೆಡಿಯೊ ಅವೊಗಾಡ್ರೊ 1811ರಲ್ಲಿ ಮುಂದಿಟ್ಟ ವಿಚಾರ ಇದು: ಒಂದೇ ತಾಪ, ಒಂದೇ ಒತ್ತಡದಲ್ಲಿರುವ ಸಮಾನ ಗಾತ್ರದ ಅನಿಲಗಳಲ್ಲಿ ಅಣುಗಳ ಸಂಖ್ಯೆಯೂ ಸಮಾನ. ಆ ಸಂಖ್ಯೆ ಎಷ್ಟೆಂದು ಅವರ ಕಾಲದಲ್ಲಿ ಯಾರಿಗೂ ತಿಳಿದಿರಲಿಲ್ಲ. ಅದಕ್ಕೆ ಅವರ ಹೆಸರಿಟ್ಟವರು ಫ್ರಾನ್ಸಿನ ಭೌತವಿಜ್ಞಾನಿ ಜೀನ್ ಪೆರಿನ್, 1909ರಲ್ಲಿ.

ನಿಮ್ಮ ಹಳೆಯ ಪುಸ್ತಕದಲ್ಲಿ «12 ಗ್ರಾಂ ಕಾರ್ಬನ್-12ರಲ್ಲಿರುವ ಪರಮಾಣುಗಳಷ್ಟು ಕಣಗಳು» ಎಂಬ ವ್ಯಾಖ್ಯೆ ಇರಬಹುದು. 2019ರ ಮೇ 20ರಿಂದ ಆ ವ್ಯಾಖ್ಯೆ ಬದಲಾಗಿದೆ; ಈಗ ಸಂಖ್ಯೆಯನ್ನೇ ನೇರವಾಗಿ ನಿಗದಿ ಮಾಡಲಾಗಿದೆ. ನೀವು ಮಾಡುವ ಲೆಕ್ಕಗಳ ಉತ್ತರ ಇದರಿಂದ ಬದಲಾಗುವುದಿಲ್ಲ, ಗಾಬರಿ ಬೇಡ.

*ಎಚ್ಚರ:* «ಒಂದು ಮೋಲ್ ಆಕ್ಸಿಜನ್» ಎಂದಷ್ಟೇ ಬರೆದರೆ ಅದು ಅರ್ಧ ಮಾತು. ಆಕ್ಸಿಜನ್ ಪರಮಾಣುಗಳ ಒಂದು ಮೋಲ್ 16 ಗ್ರಾಂ ತೂಗುತ್ತದೆ. ಆಕ್ಸಿಜನ್ ಅನಿಲದ ಒಂದು ಮೋಲ್ 32 ಗ್ರಾಂ ತೂಗುತ್ತದೆ, ಏಕೆಂದರೆ ಅನಿಲದ ಪ್ರತಿ ಅಣುವಿನಲ್ಲೂ ಎರಡು ಪರಮಾಣುಗಳಿವೆ. ಹೈಡ್ರೋಜನ್, ನೈಟ್ರೋಜನ್, ಕ್ಲೋರಿನ್ ಅನಿಲಗಳಿಗೂ ಇದೇ ಮಾತು. ಯಾವ ಕಣದ ಮೋಲ್ ಎಂಬುದನ್ನು ಬಾಯಿಬಿಟ್ಟು ಹೇಳಿಯೇ ಮುಂದೆ ಸಾಗಿ.

ಹಂತ 2: ಮೋಲಾರ್ ರಾಶಿಯನ್ನು ಕಂಡುಹಿಡಿಯಿರಿ

ಒಂದು ಮೋಲ್ ವಸ್ತು ಎಷ್ಟು ಗ್ರಾಂ ತೂಗುತ್ತದೆಯೋ ಅದೇ ಅದರ ಮೋಲಾರ್ ರಾಶಿ, ಏಕಮಾನ ಗ್ರಾಂ/ಮೋಲ್. ಸಂಯುಕ್ತದ ಸೂತ್ರದಲ್ಲಿ ಯಾವ ಧಾತುವಿನ ಎಷ್ಟು ಪರಮಾಣುಗಳಿವೆ ಎಂದು ಎಣಿಸಿ, ಪ್ರತಿಯೊಂದರ ಪರಮಾಣು ರಾಶಿಯಿಂದ ಗುಣಿಸಿ, ಎಲ್ಲವನ್ನೂ ಕೂಡಿದರೆ ಸಿಗುತ್ತದೆ. ಈ ಲೇಖನದಲ್ಲಿ ಬಳಸುವ ದುಂಡು ಬೆಲೆಗಳು: ಹೈಡ್ರೋಜನ್ 1, ಕಾರ್ಬನ್ 12, ನೈಟ್ರೋಜನ್ 14, ಆಕ್ಸಿಜನ್ 16, ಸೋಡಿಯಂ 23, ಮೆಗ್ನೀಸಿಯಂ 24, ಅಲ್ಯೂಮಿನಿಯಂ 27, ಗಂಧಕ 32, ಕ್ಲೋರಿನ್ 35.5, ಕ್ಯಾಲ್ಸಿಯಂ 40, ತಾಮ್ರ 63.5.

ನೀರು: (2 × 1) + 16 = 18 ಗ್ರಾಂ/ಮೋಲ್
ಅಡುಗೆ ಉಪ್ಪು: 23 + 35.5 = 58.5 ಗ್ರಾಂ/ಮೋಲ್
ಸುಣ್ಣಕಲ್ಲು, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್: 40 + 12 + (3 × 16) = 100 ಗ್ರಾಂ/ಮೋಲ್

ಇಲ್ಲಿ ಮೂರು ಕಡೆ ಕಾಲು ಜಾರುತ್ತದೆ. ಮೊದಲನೆಯದು, ಆವರ್ತಕ ಕೋಷ್ಟಕದ ಪ್ರತಿ ಮನೆಯಲ್ಲೂ ಎರಡು ಸಂಖ್ಯೆಗಳಿರುತ್ತವೆ. ಸೋಡಿಯಂನ ಮನೆಯಲ್ಲಿ 11 ಎಂದಿರುವುದು ಪರಮಾಣು ಸಂಖ್ಯೆ, 22.99 ಎಂದಿರುವುದು ಪರಮಾಣು ರಾಶಿ. ನಮಗೆ ಬೇಕಾದದ್ದು ಎರಡನೆಯದು.

ಎರಡನೆಯದು ಆವರಣ. ಅರಳಿದ ಸುಣ್ಣ, ಅಂದರೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್‌ನ ಸೂತ್ರದಲ್ಲಿ ಆಕ್ಸಿಜನ್-ಹೈಡ್ರೋಜನ್ ಜೋಡಿ ಆವರಣದೊಳಗಿದ್ದು, ಹೊರಗೆ ಕೆಳಗಡೆ 2 ಇರುತ್ತದೆ. ಆ 2 ಒಳಗಿರುವ ಎರಡಕ್ಕೂ ಸಲ್ಲುತ್ತದೆ: 40 + 2 × (16 + 1) = 74. ಕೊನೆಯ ಹೈಡ್ರೋಜನ್‌ಗೆ ಮಾತ್ರ ಗುಣಿಸಿ 58 ಎಂದು ಬರೆಯುವ ವಿದ್ಯಾರ್ಥಿಗಳು ಪ್ರತಿ ತರಗತಿಯಲ್ಲೂ ಇರುತ್ತಾರೆ.

ಮೂರನೆಯದು ಹರಳಿನೊಳಗೆ ಅಡಗಿರುವ ನೀರು. ಮಲೆನಾಡು, ಕರಾವಳಿಯ ಅಡಿಕೆ ಬೆಳೆಗಾರರು ಚೆನ್ನಾಗಿ ಬಲ್ಲ ಮೈಲುತುತ್ತವನ್ನೇ ನೋಡಿ. ಆ ನೀಲಿ ಹರಳು ಬರಿಯ ತಾಮ್ರದ ಸಲ್ಫೇಟ್ ಆಗಿರುವುದಿಲ್ಲ. ಪ್ರತಿ ತಾಮ್ರದ ಸಲ್ಫೇಟ್ ಘಟಕಕ್ಕೆ ಐದು ನೀರಿನ ಅಣುಗಳು ಅಂಟಿಕೊಂಡಿವೆ. ಪ್ರಣಾಳದಲ್ಲಿಟ್ಟು ಕಾಯಿಸಿದರೆ ನೀರು ಆವಿಯಾಗಿ ಪ್ರಣಾಳದ ಬಾಯಿಯ ಬಳಿ ಹನಿಗಟ್ಟುತ್ತದೆ, ನೀಲಿ ಮಾಸಿ ಬಿಳಿಚಿದ ಪುಡಿ ಉಳಿಯುತ್ತದೆ. ನೀರನ್ನು ಬಿಟ್ಟರೆ ಮೋಲಾರ್ ರಾಶಿ 63.5 + 32 + 64 = 159.5, ನೀರು ಸೇರಿದರೆ 159.5 + (5 × 18) = 249.5. ತಕ್ಕಡಿಗೆ ಹಾಕಿದ್ದು ನೀಲಿ ಹರಳಾದರೆ 249.5ನ್ನೇ ಬಳಸಬೇಕು. ಸೀಸೆಯ ಮೇಲಿನ ಚೀಟಿಯನ್ನು ಓದದೆ ಲೆಕ್ಕ ಶುರು ಮಾಡಬೇಡಿ.

ಮೋಲಾರ್ ರಾಶಿ ಕೈಗೆ ಬಂದರೆ ಶೇಕಡಾವಾರು ಲೆಕ್ಕವೂ ಜೊತೆಯಲ್ಲೇ ಬರುತ್ತದೆ. ಯೂರಿಯಾದಲ್ಲಿ ಒಂದು ಕಾರ್ಬನ್, ಒಂದು ಆಕ್ಸಿಜನ್, ಎರಡು ನೈಟ್ರೋಜನ್, ನಾಲ್ಕು ಹೈಡ್ರೋಜನ್ ಇವೆ: 12 + 16 + 28 + 4 = 60. ಇದರಲ್ಲಿ ನೈಟ್ರೋಜನ್ ಪಾಲು 28 ÷ 60, ಅಂದರೆ ಶೇ 46.7. ಯೂರಿಯಾ ಚೀಲದ ಮೇಲೆ ಶೇ 46 ನೈಟ್ರೋಜನ್ ಎಂದು ಅಚ್ಚಾಗಿರುವುದರ ಮೂಲ ಇದೇ. 45 ಕಿಲೋ ಚೀಲದಲ್ಲಿ ಗಿಡಕ್ಕೆ ಸಿಗುವ ನೈಟ್ರೋಜನ್ ಸುಮಾರು 20.7 ಕಿಲೋ.

ಹಂತ 3: ಗ್ರಾಂ ಇದ್ದರೆ ಭಾಗಿಸಿ, ಮೋಲ್ ಇದ್ದರೆ ಗುಣಿಸಿ

ಮೋಲ್ = ಗ್ರಾಂ ÷ ಮೋಲಾರ್ ರಾಶಿ
ಗ್ರಾಂ = ಮೋಲ್ × ಮೋಲಾರ್ ರಾಶಿ

ಇದನ್ನು ಉರುಹೊಡೆಯುವ ಬದಲು ಏಕಮಾನಗಳನ್ನು ಗಮನಿಸಿ. ಗ್ರಾಂ ಅನ್ನು ಗ್ರಾಂ/ಮೋಲ್‌ನಿಂದ ಭಾಗಿಸಿದರೆ ಗ್ರಾಂ ಹೊಡೆದುಹೋಗಿ ಮೋಲ್ ಉಳಿಯುತ್ತದೆ. ಗುಣಿಸಿದರೆ ಗ್ರಾಂ ವರ್ಗ ಎಂಬ ಅರ್ಥವಿಲ್ಲದ ಏಕಮಾನ ಬರುತ್ತದೆ. ತಪ್ಪು ದಾರಿ ಹಿಡಿದಿದ್ದೀರಿ ಎಂದು ಕಾಗದವೇ ಹೇಳುತ್ತದೆ.

117 ಗ್ರಾಂ ಉಪ್ಪು: 117 ÷ 58.5 = 2 ಮೋಲ್.
0.25 ಮೋಲ್ ಸುಣ್ಣಕಲ್ಲು: 0.25 × 100 = 25 ಗ್ರಾಂ.

ಕಿಲೋದಲ್ಲಿ ಕೊಟ್ಟಿದ್ದರೆ ಮೊದಲು ಗ್ರಾಂಗೆ, ಮಿಲಿಗ್ರಾಂನಲ್ಲಿ ಕೊಟ್ಟಿದ್ದರೂ ಗ್ರಾಂಗೆ ತನ್ನಿ. ನಡುವಿನ ಸಾಲುಗಳಲ್ಲಿ ದಶಮಾಂಶಗಳನ್ನು ಕತ್ತರಿಸಬೇಡಿ. ದುಂಡು ಮಾಡುವುದೇನಿದ್ದರೂ ಕೊನೆಯ ಉತ್ತರದಲ್ಲಿ.

ಹಂತ 4: ಕಣಗಳ ಸಂಖ್ಯೆ ಕೇಳಿದರೆ

ಮೋಲ್‌ಗಳನ್ನು 6.022 × 10²³ರಿಂದ ಗುಣಿಸಿ, ಅಷ್ಟೇ. 0.05 ಗ್ರಾಂ ತೂಗುವ ಒಂದು ಹನಿ ನೀರಿನಲ್ಲಿ 0.05 ÷ 18 = 0.00278 ಮೋಲ್, ಅಂದರೆ ಸುಮಾರು 1.67 × 10²¹ ಅಣುಗಳು. ಪ್ರಶ್ನೆ ಅಣುಗಳನ್ನು ಕೇಳಿದೆಯೋ ಪರಮಾಣುಗಳನ್ನು ಕೇಳಿದೆಯೋ ಎಂದು ಇನ್ನೊಮ್ಮೆ ಓದಿ. ಪರಮಾಣುಗಳಾದರೆ ಇದನ್ನು 3ರಿಂದ ಗುಣಿಸಬೇಕು. ಉತ್ತರ 1ಕ್ಕಿಂತ ಚಿಕ್ಕದಾಗಿ ಬಂದರೆ ಗುಣಿಸುವ ಕಡೆ ಭಾಗಿಸಿದ್ದೀರಿ ಎಂದೇ ಅರ್ಥ. ಅರ್ಧ ಅಣು ಎಂಬುದು ಯಾವ ಹನಿಯಲ್ಲೂ ಇಲ್ಲ.

ಹಂತ 5: ಸಮೀಕರಣದ ಮೂಲಕ ಒಂದು ವಸ್ತುವಿನಿಂದ ಇನ್ನೊಂದಕ್ಕೆ

ಇಲ್ಲಿ ನಿಧಾನವಾಗಿ ನಡೆಯಿರಿ. ಸುಣ್ಣದ ಗೂಡಿನಲ್ಲಿ ಸುಣ್ಣಕಲ್ಲನ್ನು ಸುಡುವ ಕ್ರಿಯೆಯನ್ನು ತೆಗೆದುಕೊಳ್ಳೋಣ:

1 ಕ್ಯಾಲ್ಸಿಯಂ ಕಾರ್ಬೊನೇಟ್ → 1 ಕ್ಯಾಲ್ಸಿಯಂ ಆಕ್ಸೈಡ್ (ಸುಟ್ಟ ಸುಣ್ಣ) + 1 ಕಾರ್ಬನ್ ಡೈಆಕ್ಸೈಡ್

ಪ್ರಶ್ನೆ: 250 ಗ್ರಾಂ ಸುಣ್ಣಕಲ್ಲು ಇದೆ, ಅದರಲ್ಲಿ ಶೇ 80 ಮಾತ್ರ ಕ್ಯಾಲ್ಸಿಯಂ ಕಾರ್ಬೊನೇಟ್, ಉಳಿದದ್ದು ಸುಟ್ಟರೂ ಬದಲಾಗದ ಮಣ್ಣು, ಮರಳು. ಎಷ್ಟು ಕ್ಯಾಲ್ಸಿಯಂ ಆಕ್ಸೈಡ್ ಸಿಗುತ್ತದೆ?

ಮೊದಲು ಸಮೀಕರಣ ಸರಿದೂಗಿದೆಯೇ, ಅಂದರೆ ಬಾಣದ ಎರಡೂ ಕಡೆ ಪ್ರತಿ ಧಾತುವಿನ ಪರಮಾಣುಗಳು ಸಮವಾಗಿವೆಯೇ ಎಂದು ನೋಡಿ. ಇಲ್ಲಿ ಸರಿದೂಗಿದೆ. ಶುದ್ಧ ಭಾಗ 250 × 0.80 = 200 ಗ್ರಾಂ. ಅದನ್ನು ಮೋಲ್‌ಗೆ ತಂದರೆ 200 ÷ 100 = 2 ಮೋಲ್. ಸಮೀಕರಣದ ಪ್ರಕಾರ ಒಂದಕ್ಕೆ ಒಂದು. ಆದ್ದರಿಂದ ಕ್ಯಾಲ್ಸಿಯಂ ಆಕ್ಸೈಡ್ ಕೂಡ 2 ಮೋಲ್. ಅದರ ಮೋಲಾರ್ ರಾಶಿ 56; ಉತ್ತರ 2 × 56 = 112 ಗ್ರಾಂ.

ತಾಳೆ ನೋಡಿ: ಕಾರ್ಬನ್ ಡೈಆಕ್ಸೈಡ್ 2 × 44 = 88 ಗ್ರಾಂ. 112 + 88 = 200. ಒಳಗೆ ಹೋದ ರಾಶಿಯೂ ಹೊರಬಂದ ರಾಶಿಯೂ ಸಮ. ಈ ತಾಳೆಗೆ ಅರ್ಧ ನಿಮಿಷ ಸಾಕು, ಅದು ಅನೇಕ ಅಂಕಗಳನ್ನು ಉಳಿಸುತ್ತದೆ.

ಸಮೀಕರಣದಲ್ಲಿ ವಸ್ತುಗಳ ಎದುರಿಗಿರುವ ಸಂಖ್ಯೆಗಳನ್ನು ಬಹಳ ಮಂದಿ ಎರಡು ಬಗೆಯಲ್ಲಿ ದುರುಪಯೋಗ ಮಾಡುತ್ತಾರೆ. ಕೆಲವರು ಅವನ್ನು ಗ್ರಾಂಗಳ ಅನುಪಾತವೆಂದು ತಿಳಿದು, 200 ಗ್ರಾಂ ಸುಣ್ಣಕಲ್ಲಿಗೆ 200 ಗ್ರಾಂ ಸುಣ್ಣ ಎನ್ನುತ್ತಾರೆ. ಅವು ಮೋಲ್‌ಗಳ ಅನುಪಾತ ಮಾತ್ರ. ಇನ್ನು ಕೆಲವರು ಮೋಲಾರ್ ರಾಶಿಯನ್ನೇ ಆ ಸಂಖ್ಯೆಯಿಂದ ಗುಣಿಸಿ, ಅನುಪಾತದಲ್ಲಿ ಮತ್ತೊಮ್ಮೆ ಗುಣಿಸುತ್ತಾರೆ. ಎರಡು ಅಮೋನಿಯಾ ಎಂದು ಸಮೀಕರಣದಲ್ಲಿದ್ದರೂ ಅಮೋನಿಯಾದ ಮೋಲಾರ್ ರಾಶಿ 17 ಆಗಿಯೇ ಉಳಿಯುತ್ತದೆ, 34 ಆಗುವುದಿಲ್ಲ. ಆ 2 ಬಳಕೆಯಾಗುವುದು ಅನುಪಾತ ಬರೆಯುವಾಗ, ಒಂದೇ ಸಲ.

ಹಂತ 6: ಎರಡು ವಸ್ತುಗಳ ಪ್ರಮಾಣ ಕೊಟ್ಟಿದ್ದರೆ, ಮೊದಲು ಮುಗಿಯುವುದು ಯಾವುದು?

ಮೊದಲು ಖರ್ಚಾಗಿ ಕ್ರಿಯೆಯನ್ನು ನಿಲ್ಲಿಸುವ ವಸ್ತುವಿಗೆ ಸೀಮಿತ ಪ್ರತಿವರ್ತಕ ಎನ್ನುತ್ತಾರೆ. ಪ್ರತಿವರ್ತಕ ಎಂದರೆ ಕ್ರಿಯೆಯಲ್ಲಿ ಭಾಗವಹಿಸುವ ಮೂಲ ವಸ್ತು. ಯೂರಿಯಾ ತಯಾರಾಗುವ ಕ್ರಿಯೆ ಹೀಗಿದೆ:

2 ಅಮೋನಿಯಾ + 1 ಕಾರ್ಬನ್ ಡೈಆಕ್ಸೈಡ್ → 1 ಯೂರಿಯಾ + 1 ನೀರು

51 ಗ್ರಾಂ ಅಮೋನಿಯಾ ಮತ್ತು 55 ಗ್ರಾಂ ಕಾರ್ಬನ್ ಡೈಆಕ್ಸೈಡ್ ಪೂರ್ಣವಾಗಿ ವರ್ತಿಸುತ್ತವೆ ಎಂದುಕೊಳ್ಳಿ. ತೂಕ ನೋಡಿದರೆ ಕಾರ್ಬನ್ ಡೈಆಕ್ಸೈಡ್ ಹೆಚ್ಚಿದೆ, ಅಮೋನಿಯಾ ಮೊದಲು ಮುಗಿಯಬೇಕು ಎನ್ನಿಸುತ್ತದೆ. ಮೋಲ್‌ಗೆ ತಂದು ನೋಡಿ.

ಅಮೋನಿಯಾ: 51 ÷ 17 = 3 ಮೋಲ್
ಕಾರ್ಬನ್ ಡೈಆಕ್ಸೈಡ್: 55 ÷ 44 = 1.25 ಮೋಲ್

ಈಗ ಪ್ರತಿಯೊಂದನ್ನೂ ಸಮೀಕರಣದಲ್ಲಿ ಅದರ ಎದುರಿಗಿರುವ ಸಂಖ್ಯೆಯಿಂದ ಭಾಗಿಸಿ. ಅಮೋನಿಯಾ 3 ÷ 2 = 1.5, ಕಾರ್ಬನ್ ಡೈಆಕ್ಸೈಡ್ 1.25 ÷ 1 = 1.25. ಚಿಕ್ಕ ಸಂಖ್ಯೆ ಬಂದದ್ದೇ ಸೀಮಿತ ಪ್ರತಿವರ್ತಕ. ಗ್ರಾಂನಲ್ಲಿ ಹೆಚ್ಚಿದ್ದ ಕಾರ್ಬನ್ ಡೈಆಕ್ಸೈಡೇ ಮೊದಲು ಮುಗಿಯುತ್ತದೆ. ಯೂರಿಯಾ 1.25 ಮೋಲ್, ಅಂದರೆ 75 ಗ್ರಾಂ, ನೀರು 22.5 ಗ್ರಾಂ, ಖರ್ಚಾದ ಅಮೋನಿಯಾ 2.5 ಮೋಲ್, ಉಳಿದದ್ದು 0.5 ಮೋಲ್, ಅಂದರೆ 8.5 ಗ್ರಾಂ. ತಾಳೆ: 75 + 22.5 + 8.5 = 106; ಹಾಕಿದ್ದು 51 + 55 = 106.

ಭಾಗಿಸಿ ಬಂದ 1.5, 1.25 ಎಂಬುವು ಹೋಲಿಕೆಗೆ ಮಾತ್ರ. ಮುಂದಿನ ಲೆಕ್ಕಕ್ಕೆ ಸೀಮಿತ ಪ್ರತಿವರ್ತಕದ ನಿಜವಾದ ಮೋಲ್‌ಗಳಿಗೇ ಮರಳಿ. ಇಲ್ಲಿ ಎರಡೂ ಒಂದೇ ಸಂಖ್ಯೆಯಾಗಿರುವುದು ಎದುರಿಗೆ 1 ಇರುವುದರಿಂದ.

ತೋಟದ ಉದಾಹರಣೆಯೊಂದನ್ನು ಸೇರಿಸದೆ ಮುಂದೆ ಹೋಗಲು ಮನಸ್ಸಾಗದು. ಅಡಿಕೆಯ ಕೊಳೆರೋಗಕ್ಕೆ ಸಿಂಪಡಿಸುವ ಶೇ 1ರ ಬೋರ್ಡೋ ದ್ರಾವಣಕ್ಕೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು ಹಾಕುತ್ತಾರೆ. ಕಿಲೋದಲ್ಲಿ ಸಮಸಮ. ಮೋಲ್‌ನಲ್ಲಿ? ಮೈಲುತುತ್ತ 1000 ÷ 249.5 = ಸುಮಾರು 4 ಮೋಲ್; ಸುಟ್ಟ ಸುಣ್ಣ ಶುದ್ಧವಾಗಿದ್ದರೆ 1000 ÷ 56 = ಸುಮಾರು 17.9 ಮೋಲ್. ತಾಮ್ರ ಪೂರ್ತಿ ಹೈಡ್ರಾಕ್ಸೈಡ್ ಆಗುತ್ತದೆ ಎಂದುಕೊಂಡರೂ ಒಂದು ಮೋಲ್ ತಾಮ್ರಕ್ಕೆ ಒಂದು ಮೋಲ್ ಸುಣ್ಣ ಸಾಕು. ಸೀಮಿತ ಪ್ರತಿವರ್ತಕ ತಾಮ್ರದ್ದೇ, ಅದು ಹಾಗೆಯೇ ಇರಬೇಕು: ಸುಣ್ಣದೊಂದಿಗೆ ಕೂಡದೆ ಉಳಿದ ತಾಮ್ರ ಎಲೆ, ಕಾಯಿಗಳನ್ನು ಸುಡುತ್ತದೆ. ಹಾಗೆಂದು 4 × 56, ಅಂದರೆ ಸುಮಾರು 225 ಗ್ರಾಂ ಸುಣ್ಣ ಸಾಕೆಂದು ತೋಟದಲ್ಲಿ ಕಡಿಮೆ ಮಾಡಬೇಡಿ. ಮನೆಗೆ ಬರುವ ಸುಣ್ಣ ಶುದ್ಧವಾಗಿರುವುದಿಲ್ಲ, ಗಾಳಿಗೆ ತೆರೆದಿಟ್ಟದ್ದು ಕಾರ್ಬನ್ ಡೈಆಕ್ಸೈಡ್ ಹೀರಿ ಮತ್ತೆ ಕಾರ್ಬೊನೇಟ್ ಆಗಿರುತ್ತದೆ. ಬೆಳೆಗಾರರು ಹೊಳಪಿನ ಕಬ್ಬಿಣದ ಚಾಕುವನ್ನು ದ್ರಾವಣದಲ್ಲಿ ಅದ್ದಿ ನೋಡುವುದು ಇದೇ ಕಾರಣಕ್ಕೆ. ಅಲಗಿನ ಮೇಲೆ ಕೆಂಪು ಲೇಪ ಕೂತರೆ ಬಿಡಿ ತಾಮ್ರ ಇನ್ನೂ ಇದೆ, ಸುಣ್ಣ ಸಾಲದು.

ಹಂತ 7: ಅನಿಲದ ಗಾತ್ರ

0 ಡಿಗ್ರಿ ಸೆಲ್ಸಿಯಸ್ ಮತ್ತು 1 ಬಾರ್ ಒತ್ತಡದಲ್ಲಿ ಒಂದು ಮೋಲ್ ಅನಿಲ ಸುಮಾರು 22.7 ಲೀಟರ್ ಜಾಗ ಹಿಡಿಯುತ್ತದೆ. ಹಳೆಯ ಪುಸ್ತಕಗಳಲ್ಲಿರುವ 22.4 ಲೀಟರ್ 1 ಅಟ್ಮಾಸ್ಫಿಯರ್ ಒತ್ತಡದ್ದು. 1982ರಲ್ಲಿ ಪ್ರಮಾಣಿತ ಒತ್ತಡವನ್ನು 1 ಬಾರ್‌ಗೆ ಬದಲಿಸಲಾಯಿತು. ಎರಡೂ ತಮ್ಮ ಒತ್ತಡದಲ್ಲಿ ಸರಿ; ಪ್ರಶ್ನೆಯಲ್ಲಿ ಯಾವ ಒತ್ತಡ ಕೊಟ್ಟಿದೆ ಎಂದು ನೋಡಿಕೊಳ್ಳಿ. ಹಂತ 5ರ 2 ಮೋಲ್ ಕಾರ್ಬನ್ ಡೈಆಕ್ಸೈಡ್ 1 ಬಾರ್‌ನಲ್ಲಿ 45.4 ಲೀಟರ್ ಆಗುತ್ತದೆ. ಈ ಸಂಖ್ಯೆಯನ್ನು ನೀರಿಗೋ ಉಪ್ಪಿಗೋ ಎಂದೂ ಹಚ್ಚಬೇಡಿ. ಒಂದು ಮೋಲ್ ದ್ರವ ನೀರು ಬರಿಯ 18 ಮಿಲಿಲೀಟರ್.

ಹಂತ 8: ದ್ರಾವಣಗಳು

ಒಂದು ಲೀಟರ್ ದ್ರಾವಣದಲ್ಲಿ ಎಷ್ಟು ಮೋಲ್ ವಸ್ತು ಕರಗಿದೆ ಎಂಬುದು ಮೊಲಾರಿಟಿ. ಮೋಲ್ = ಮೊಲಾರಿಟಿ × ಲೀಟರ್.

ಪಿಯುಸಿ ಪ್ರಯೋಗಾಲಯದಲ್ಲಿ ಮಾಡಿಸುವ ಕೆಲಸವನ್ನೇ ಮಾಡೋಣ: 250 ಮಿಲಿಲೀಟರ್, 0.1 ಮೊಲಾರಿಟಿಯ ಆಕ್ಸಾಲಿಕ್ ಆಮ್ಲ. 0.1 × 0.250 = 0.025 ಮೋಲ್. ಸೀಸೆಯಲ್ಲಿರುವುದು ಎರಡು ನೀರಿನ ಅಣು ಸೇರಿದ ಹರಳು; ಮೋಲಾರ್ ರಾಶಿ ಆಮ್ಲದ 90 + ನೀರಿನ 36 = 126. ತೂಗಬೇಕಾದದ್ದು 0.025 × 126 = 3.15 ಗ್ರಾಂ. ಹರಳಿನ ನೀರನ್ನು ಮರೆತು 2.25 ಗ್ರಾಂ ತೂಗಿದರೆ ದ್ರಾವಣ 0.1ರ ಬದಲು ಸುಮಾರು 0.071 ಆಗುತ್ತದೆ, ಅನಂತರ ಮಾಡುವ ಅನುಮಾಪನವೆಲ್ಲ (ಬ್ಯೂರೆಟ್‌ನಿಂದ ಹನಿಹನಿಯಾಗಿ ಬಿಟ್ಟು ಅಳೆಯುವ ಕ್ರಮ) ಅದೇ ತಪ್ಪನ್ನು ಹೊತ್ತುಕೊಂಡು ಬರುತ್ತದೆ.

ತೂಗಿದ ಹರಳನ್ನು ಮೊದಲು ಬೀಕರ್‌ನಲ್ಲಿ ಸ್ವಲ್ಪ ಬಟ್ಟಿ ಇಳಿಸಿದ ನೀರಿನಲ್ಲಿ ಕರಗಿಸಿ, 250 ಮಿಲಿಲೀಟರ್ ಗುರುತಿನ ಫ್ಲಾಸ್ಕಿಗೆ ಸುರಿದು, ಬೀಕರನ್ನು ತೊಳೆದ ನೀರನ್ನೂ ಅದಕ್ಕೇ ಸೇರಿಸಿ, ಆಮೇಲೆ ಗೆರೆಯವರೆಗೆ ನೀರು ತುಂಬಿಸಿ. 250 ಮಿಲಿಲೀಟರ್ ನೀರು ಅಳೆದಿಟ್ಟು ಅದಕ್ಕೆ ಹರಳು ಹಾಕುವುದು ಸರಿಯಲ್ಲ. 250 ಆಗಬೇಕಾದದ್ದು ಒಟ್ಟು ದ್ರಾವಣ. ಆಕ್ಸಾಲಿಕ್ ಆಮ್ಲ ವಿಷಕಾರಿ, ಪಿಪೆಟ್ಟನ್ನು ಬಾಯಿಂದ ಎಳೆಯಬೇಡಿ. ಲೀಟರ್‌ಗೆ ಬದಲಿಸಲು ಮರೆತು 0.1 × 250 = 25 ಮೋಲ್ ಎಂದು ಬರೆದರೆ 3,150 ಗ್ರಾಂ ಬೇಕಾಗುತ್ತದೆ. ಕೈಯಲ್ಲಿರುವ ಪುಟ್ಟ ಫ್ಲಾಸ್ಕನ್ನು ನೋಡಿದರೆ ಸಾಕು, ತಪ್ಪು ತಿಳಿಯುತ್ತದೆ.

ಮಾಡಿ ನೋಡಿ

ಉತ್ತರ ಮುಚ್ಚಿಟ್ಟುಕೊಂಡು ಮಾಡಿ. ತಪ್ಪಿದರೆ ಯಾವ ಹಂತದಲ್ಲಿ ಎಂದು ಹುಡುಕಿ.

1. 9 ಗ್ರಾಂ ಅಲ್ಯೂಮಿನಿಯಂ ಎಷ್ಟು ಮೋಲ್?
2. 500 ಮಿಲಿಲೀಟರ್, 0.2 ಮೊಲಾರಿಟಿಯ ಗ್ಲೂಕೋಸ್ ದ್ರಾವಣಕ್ಕೆ ಎಷ್ಟು ಗ್ರಾಂ ಗ್ಲೂಕೋಸ್ ಬೇಕು? ಗ್ಲೂಕೋಸ್ ಅಣುವಿನಲ್ಲಿ 6 ಕಾರ್ಬನ್, 12 ಹೈಡ್ರೋಜನ್, 6 ಆಕ್ಸಿಜನ್ ಇವೆ.
3. ಅಡುಗೆ ಸೋಡಾ (ಮೋಲಾರ್ ರಾಶಿ 84) ಕಾಯಿಸಿದಾಗ: 2 ಅಡುಗೆ ಸೋಡಾ → 1 ಸೋಡಿಯಂ ಕಾರ್ಬೊನೇಟ್ (106) + 1 ನೀರು + 1 ಕಾರ್ಬನ್ ಡೈಆಕ್ಸೈಡ್. 4.2 ಗ್ರಾಂ ಅಡುಗೆ ಸೋಡಾದಿಂದ ಸೋಡಿಯಂ ಕಾರ್ಬೊನೇಟ್ ಎಷ್ಟು?
4. 2 ಮೆಗ್ನೀಸಿಯಂ + 1 ಆಕ್ಸಿಜನ್ ಅಣು → 2 ಮೆಗ್ನೀಸಿಯಂ ಆಕ್ಸೈಡ್. ಎರಡೂ ತಲಾ 6 ಗ್ರಾಂ ಇದ್ದರೆ ಯಾವುದು ಉಳಿಯುತ್ತದೆ, ಎಷ್ಟು?

ಉತ್ತರಗಳು: (1) 0.333 ಮೋಲ್. (2) 0.1 ಮೋಲ್, 18 ಗ್ರಾಂ. (3) ಅಡುಗೆ ಸೋಡಾ 0.05 ಮೋಲ್, ಸೋಡಿಯಂ ಕಾರ್ಬೊನೇಟ್ 0.025 ಮೋಲ್, 2.65 ಗ್ರಾಂ. (4) ಮೆಗ್ನೀಸಿಯಂ 0.25 ಮೋಲ್ ಪೂರ್ತಿ ಮುಗಿಯುತ್ತದೆ. 10 ಗ್ರಾಂ ಆಕ್ಸೈಡ್ ಆಗಿ 2 ಗ್ರಾಂ ಆಕ್ಸಿಜನ್ ಉಳಿಯುತ್ತದೆ.